ಎಂಜಿನ್ ಸದ್ದು ಮಾಡುವ ಮುನ್ನ ಎಣ್ಣೆಯನ್ನು ಓದಿ

ಆಯಿಲ್ ಚೇಂಜ್ ಎಂದರೆ ನಮ್ಮ ಗ್ಯಾರೇಜುಗಳಲ್ಲಿ ದಿನನಿತ್ಯದ ಕೆಲಸ. ಚೇಂಬರಿನ ಬೋಲ್ಟ್ ಬಿಚ್ಚಿ ಕಪ್ಪಗಾದ ಎಣ್ಣೆ ಇಳಿಸುತ್ತಾರೆ, ಫಿಲ್ಟರ್ ಬದಲಾಯಿಸುತ್ತಾರೆ, ಹೊಸ ಎಣ್ಣೆ ಸುರಿದು ಡಿಪ್‌ಸ್ಟಿಕ್ ಎತ್ತಿ ನೋಡುತ್ತಾರೆ. ಇಳಿಸಿದ ಎಣ್ಣೆ ಡ್ರಮ್ ಸೇರಿ ಹಳೆ ಆಯಿಲ್ ಕೊಳ್ಳುವವರ ಪಾಲಾಗುತ್ತದೆ. ಆದರೆ ಆ ಎಣ್ಣೆ ನೂರಾರು ಗಂಟೆ ಎಂಜಿನ್ನಿನ ಒಂದೊಂದು ಬೇರಿಂಗನ್ನೂ ಹಾದು ಬಂದಿರುತ್ತದೆ. ಅಲ್ಲಿ ಸವೆದ ಲೋಹ, ಹೊರಗಿನಿಂದ ನುಗ್ಗಿದ ಧೂಳು, ಸೋರಿದ ಡೀಸೆಲ್, ರೇಡಿಯೇಟರಿನಿಂದ ಒಳಬಂದ ಕೂಲಂಟ್ ಎಲ್ಲದರ ಗುರುತೂ ಅದರಲ್ಲಿ ಉಳಿದಿರುತ್ತದೆ. ಅದರಲ್ಲಿ 100 ಮಿಲಿಲೀಟರಿನಷ್ಟನ್ನು ಪ್ರಯೋಗಾಲಯಕ್ಕೆ ಕಳಿಸಿದರೆ ಬೇರಿಂಗ್ ಸವೆತ ಶುರುವಾಗಿದೆಯೇ ಎಂಬುದನ್ನು ಎಂಜಿನ್ ಬಿಚ್ಚದೆ, ಸದ್ದು ಬರುವುದಕ್ಕೆ ಎಷ್ಟೋ ಮೊದಲೇ ತಿಳಿಯಬಹುದು. ಲಾರಿ, ಬಸ್ಸು, ಅಗೆಯುವ ಯಂತ್ರ, ಮೀನುಗಾರಿಕೆ ದೋಣಿ, ಜನರೇಟರ್ ನಂಬಿ ಬದುಕುವವರಿಗೆ ಈ ಪರೀಕ್ಷೆ ಫಿಲ್ಟರ್ ಬದಲಾಯಿಸಿದಷ್ಟೇ ಸಹಜವಾಗಬೇಕು ಎಂಬುದು ಈ ಲೇಖನದ ವಾದ. ಅದಕ್ಕೊಂದು ಷರತ್ತೂ ಇದೆ. ಒಂದು ವರದಿಯಿಂದ ಏನೂ ತೀರ್ಮಾನವಾಗುವುದಿಲ್ಲ; ಒಂದೇ ಎಂಜಿನ್ನಿನ ವರದಿಗಳನ್ನು ಸಾಲಾಗಿ ಇಟ್ಟು ಓದಿದಾಗ ಮಾತ್ರ ಅವು ಸಾಕ್ಷ್ಯವಾಗುತ್ತವೆ.

ಮೊದಲು ಬೇರಿಂಗಿನ ರಚನೆ ನೋಡೋಣ. ಸೈಕಲ್ ಚಕ್ರದಲ್ಲಿರುವಂತೆ ಎಂಜಿನ್ನಿನ ಮೇನ್ ಬೇರಿಂಗಿನಲ್ಲಾಗಲಿ, ಕನೆಕ್ಟಿಂಗ್ ರಾಡಿನ ಬಿಗ್ ಎಂಡ್ ಬೇರಿಂಗಿನಲ್ಲಾಗಲಿ ಸಾಮಾನ್ಯವಾಗಿ ಗುಂಡುಗಳಿರುವುದಿಲ್ಲ. ಅವು ಅರ್ಧಚಂದ್ರಾಕಾರದ ಎರಡು ಚಿಪ್ಪುಗಳು. ನಡುವೆ ಕ್ರ್ಯಾಂಕ್ ಶಾಫ್ಟ್ ತಿರುಗುತ್ತದೆ. ತಿರುಗುವ ವೇಗಕ್ಕೆ ಎಣ್ಣೆ ಬೆಣೆಯಂತೆ ನುಗ್ಗಿ ಶಾಫ್ಟನ್ನು ಎತ್ತಿ ಹಿಡಿಯುತ್ತದೆ. ಈ ಪದರ ಭಾರ ಹೊರುವುದು ಹೇಗೆ ಎಂಬುದನ್ನು ಆಸ್ಬೋರ್ನ್ ರೆನಾಲ್ಡ್ಸ್ 1886ರಲ್ಲೇ ಗಣಿತದಿಂದ ವಿವರಿಸಿದ್ದರು. ಎಲ್ಲ ಸರಿ ಇದ್ದರೆ ಲೋಹಕ್ಕೆ ಲೋಹ ತಾಗುವುದೇ ಇಲ್ಲ. ತಾಗಿದಾಗಲೂ ದುಬಾರಿ ಕ್ರ್ಯಾಂಕ್ ಉಳಿಯಲೆಂದು ಚಿಪ್ಪನ್ನು ಮೆತ್ತನೆಯ ಪದರಗಳಿಂದ ಮಾಡಿರುತ್ತಾರೆ. ಡೀಸೆಲ್ ಎಂಜಿನ್ನುಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಬಗೆಯಲ್ಲಿ ಹಿಂಭಾಗ ಉಕ್ಕಿನದು. ಅದರ ಮೇಲೆ ತಾಮ್ರ-ಸೀಸದ ಪದರ, ಅದರ ಮೇಲೆ ಒಂದೆರಡು ಮೈಕ್ರಾನಿನ ನಿಕ್ಕಲ್ ತಡೆ, ಎಲ್ಲಕ್ಕಿಂತ ಮೇಲೆ ಸೀಸ, ತವರ ಮತ್ತು ಸ್ವಲ್ಪ ತಾಮ್ರ ಬೆರೆತ ಹೊದಿಕೆ. ಈ ಹೊದಿಕೆಯ ದಪ್ಪ ಸುಮಾರು 20 ಮೈಕ್ರಾನ್, ಅಂದರೆ ಮಿಲಿಮೀಟರಿನ ಐವತ್ತನೇ ಒಂದು ಭಾಗ. ಸವೆತ ಮೇಲಿನಿಂದಲೇ ಶುರುವಾಗಬೇಕು. ಹಾಗಾಗಿ ಎಣ್ಣೆಯಲ್ಲಿ ಮೊದಲು ಏರುವುದು ಸೀಸ ಮತ್ತು ತವರ. ಹೊದಿಕೆ ತೀರಿ ಕೆಳಗಿನ ಪದರ ತೆರೆದುಕೊಂಡ ಮೇಲೆ ತಾಮ್ರ. ಕ್ರ್ಯಾಂಕಿಗೇ ಗಾಯವಾದಾಗ ಕಬ್ಬಿಣ. ಲೋಹಗಳು ಕಾಣಿಸಿಕೊಳ್ಳುವ ಈ ಸರದಿಯೇ ಇಡೀ ಪರೀಕ್ಷೆಯ ಆಧಾರ.

ಅನುಭವಿ ಮೆಕ್ಯಾನಿಕ್ ಕಿವಿಗೊಟ್ಟು ಕೇಳಿದರೆ ಸಾಲದೇ, ಆಯಿಲ್ ಪ್ರೆಷರ್ ಮೀಟರ್ ಇದ್ದೇ ಇದೆಯಲ್ಲ ಎಂದು ಯಾರಾದರೂ ಕೇಳಬಹುದು. ಕಿವಿ ಮತ್ತು ಮೀಟರ್ ಎರಡೂ ಬೇಕು, ಆದರೆ ಎರಡೂ ತಡವಾಗಿ ಹೇಳುತ್ತವೆ. ಶಾಫ್ಟ್ ಮತ್ತು ಬೇರಿಂಗ್ ನಡುವಿನ ಸಂದು ಸಾಮಾನ್ಯವಾಗಿ ಶಾಫ್ಟಿನ ವ್ಯಾಸದ ಸಾವಿರದಲ್ಲಿ ಒಂದು ಪಾಲಿನ ಆಸುಪಾಸಿನಲ್ಲಿರುತ್ತದೆ. 80 ಮಿಲಿಮೀಟರ್ ಶಾಫ್ಟಿಗೆ ಸುಮಾರು 80 ಮೈಕ್ರಾನ್. ಆ ಸಂದು ಸಾಕಷ್ಟು ಹಿಗ್ಗಿ, ಪ್ರತಿ ಸುತ್ತಿನಲ್ಲೂ ಲೋಹ ಲೋಹಕ್ಕೆ ಬಡಿಯತೊಡಗಿದಾಗಲೇ ಕಟಕಟ ಸದ್ದು ಕೇಳುವುದು. ಅಷ್ಟರಲ್ಲಿ ಹೊದಿಕೆ ಮುಗಿದು ಕ್ರ್ಯಾಂಕಿನ ಮೈ ಕೆಟ್ಟಿರುತ್ತದೆ. ಪ್ರೆಷರ್ ಮೀಟರಿನ ಕಥೆಯೂ ಇದೇ. ಆಯಿಲ್ ಪಂಪು ಬೇಕಾದದ್ದಕ್ಕಿಂತ ಹೆಚ್ಚು ಎಣ್ಣೆ ತಳ್ಳುತ್ತದೆ, ಹೆಚ್ಚಾದದ್ದನ್ನು ರಿಲೀಫ್ ವಾಲ್ವ್ ಹಿಂದಕ್ಕೆ ಬಿಡುತ್ತದೆ. ಬೇರಿಂಗಿನ ಸಂದು ಸ್ವಲ್ಪ ಹಿಗ್ಗಿ ಎಣ್ಣೆ ಜಾಸ್ತಿ ಹರಿದರೂ ಪಂಪಿನಲ್ಲಿರುವ ಹೆಚ್ಚುವರಿ ಅದನ್ನು ತುಂಬಿಕೊಡುತ್ತದೆ. ಮುಳ್ಳು ಇದ್ದಲ್ಲೇ ಇರುತ್ತದೆ. ಆ ಹೆಚ್ಚುವರಿಯೂ ಸಾಲದಾದಾಗ ಮುಳ್ಳು ಕೆಳಗಿಳಿಯುತ್ತದೆ. ಹಾಗೆಂದು ಅನುಭವಿ ಕಿವಿಯ ಬೆಲೆ ಕಡಿಮೆಯಲ್ಲ. ಅದು ಹಿಡಿಯುವುದು ಹಾನಿಯಾದ ಮೇಲಿನ ಲಕ್ಷಣವನ್ನು, ಅಷ್ಟೇ.

ಎಣ್ಣೆಯಲ್ಲಿ ಕರಗಿದಂತಿರುವ ಸೀಸವನ್ನು ಅಳೆಯುವುದು ಹೇಗೆ? ಪ್ರತಿ ಮೂಲಧಾತುವೂ ತೀವ್ರವಾಗಿ ಕಾದಾಗ ತನ್ನದೇ ಬಣ್ಣದ ಬೆಳಕು ಸೂಸುತ್ತದೆ ಎಂದು ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಬುನ್ಸೆನ್ ಮತ್ತು ಕಿರ್ಕಾಫ್ 1859-60ರಲ್ಲಿ ತೋರಿಸಿದರು. ಇಂದಿನ ಎಣ್ಣೆ ಪರೀಕ್ಷೆಯೂ ಅದೇ ತತ್ವದ ಮೇಲೆ ನಿಂತಿದೆ. ಒಂದು ವಿಧಾನದಲ್ಲಿ ತಿರುಗುವ ಗ್ರಾಫೈಟ್ ಬಿಲ್ಲೆ ಎಣ್ಣೆಯನ್ನು ಮೇಲೆತ್ತಿಕೊಂಡು ಬರುತ್ತದೆ, ಬಿಲ್ಲೆಗೂ ಗ್ರಾಫೈಟ್ ಕಡ್ಡಿಗೂ ನಡುವೆ ವಿದ್ಯುತ್ ಕಿಡಿ ಹಾರಿ ಎಣ್ಣೆಯನ್ನು ಸುಡುತ್ತದೆ. ಇನ್ನೊಂದರಲ್ಲಿ ಎಣ್ಣೆಯನ್ನು ದ್ರಾವಕದಲ್ಲಿ ತೆಳುಮಾಡಿ, ಹಲವು ಸಾವಿರ ಡಿಗ್ರಿ ಬಿಸಿಯ ಆರ್ಗಾನ್ ಪ್ಲಾಸ್ಮಾದೊಳಗೆ ತುಂತುರಾಗಿ ಬಿಡುತ್ತಾರೆ. ಹೊಮ್ಮುವ ಬೆಳಕನ್ನು ಉಪಕರಣ ಬಿಡಿಸಿ ನೋಡುತ್ತದೆ. 324.75 ನ್ಯಾನೋಮೀಟರಿನ ಗೆರೆ ತಾಮ್ರದ್ದು, 220.35ರದು ಸೀಸದ್ದು. ಗೆರೆ ಎಷ್ಟು ಪ್ರಖರವೋ ಲೋಹ ಅಷ್ಟು ಹೆಚ್ಚು. ಒಂದೇ ಬಾರಿಗೆ ಇಪ್ಪತ್ತಕ್ಕೂ ಹೆಚ್ಚು ಧಾತುಗಳ ಲೆಕ್ಕ ಸಿಗುತ್ತದೆ. ಫಲಿತಾಂಶ ಬರುವುದು ಪಿಪಿಎಂನಲ್ಲಿ, ಅಂದರೆ ಹತ್ತು ಲಕ್ಷ ಭಾಗಕ್ಕೆ ಎಷ್ಟು ಭಾಗ ಎಂಬ ಲೆಕ್ಕದಲ್ಲಿ. ಒಂದು ಕಿಲೋ ಎಣ್ಣೆಯಲ್ಲಿ ಒಂದು ಮಿಲಿಗ್ರಾಂ ಸೀಸ ಇದ್ದರೆ ಅದು 1 ಪಿಪಿಎಂ.

ಈ ಅಳತೆ ಎಷ್ಟು ಸೂಕ್ಷ್ಮ ಎಂಬುದಕ್ಕೆ ಒಂದು ಲೆಕ್ಕ ಹಾಕೋಣ. 80 ಮಿಲಿಮೀಟರ್ ವ್ಯಾಸದ ಶಾಫ್ಟಿಗೆ 30 ಮಿಲಿಮೀಟರ್ ಅಗಲದ ಒಂದು ಚಿಪ್ಪು ಇದೆ ಎಂದುಕೊಳ್ಳಿ. ಅದರ ಒಳಮೈ ವಿಸ್ತೀರ್ಣ ಸುಮಾರು 3,770 ಚದರ ಮಿಲಿಮೀಟರ್. 20 ಮೈಕ್ರಾನ್ ಹೊದಿಕೆಯ ಒಟ್ಟು ತೂಕ 0.8 ಗ್ರಾಂ ಆಸುಪಾಸು, ಅದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಸೀಸ. ಈ ಹೊದಿಕೆ ಕಾಲುಭಾಗ, ಅಂದರೆ ಕೇವಲ 5 ಮೈಕ್ರಾನ್ ಸವೆದರೂ 180 ಮಿಲಿಗ್ರಾಮಿನಷ್ಟು ಸೀಸ ಎಣ್ಣೆ ಸೇರುತ್ತದೆ. ಚೇಂಬರಿನಲ್ಲಿ 20 ಲೀಟರ್ ಎಣ್ಣೆ ಇದ್ದರೆ ಅದರ ತೂಕ 17 ಕಿಲೋ ಚಿಲ್ಲರೆ. ವರದಿಯಲ್ಲಿ ಸೀಸ 10 ಪಿಪಿಎಂ ಏರುತ್ತದೆ. ಸವೆದ ಲೋಹ ನುಣ್ಣನೆಯ ಕಣಗಳಾಗಿ ಎಣ್ಣೆಯಲ್ಲೇ ಉಳಿದರೆ ಮಾತ್ರ ಈ ಲೆಕ್ಕ ಸರಿ; ಆದರೆ ಶುರುವಿನ ಸವೆತ ಬಹುಪಾಲು ಇಂಥದ್ದೇ. 80 ಮೈಕ್ರಾನ್ ಇದ್ದ ಸಂದು 85 ಆದರೆ ಕಿವಿಗೆ ಕೇಳಿಸದು, ಪ್ರೆಷರ್ ಮುಳ್ಳು ಅಲುಗದು. ಎಂಜಿನ್ ಬಿಚ್ಚಿ ಪ್ಲಾಸ್ಟಿಗೇಜ್ ಇಟ್ಟು ಅಳೆದರೂ ಅಷ್ಟು ಸಣ್ಣ ವ್ಯತ್ಯಾಸ ಹಿಡಿಯುವುದು ಕಷ್ಟ. ಹಿಂದಿನ ವರದಿ ಕೈಯಲ್ಲಿದ್ದವರಿಗೆ ಮಾತ್ರ ಅದೇ 10 ಪಿಪಿಎಂ ಎದ್ದು ಕಾಣುತ್ತದೆ.

ಈ ವಿದ್ಯೆ ಬೆಳೆದದ್ದು ರೈಲ್ವೆಯಲ್ಲಿ. ಅಮೆರಿಕದ ಡೆನ್ವರ್ ಅಂಡ್ ರಿಯೊ ಗ್ರಾಂಡ್ ವೆಸ್ಟರ್ನ್ ರೈಲ್ವೆಯ ಪ್ರಯೋಗಾಲಯ 1946ರಲ್ಲಿ ಡೀಸೆಲ್ ಲೋಕೊಮೋಟಿವ್‌ಗಳ ಬಳಸಿದ ಎಣ್ಣೆಯಲ್ಲಿನ ಲೋಹಗಳನ್ನು ಅಳೆದು ಎಂಜಿನ್ ದೋಷಗಳನ್ನು ಮೊದಲೇ ಗುರುತಿಸಿತು. 1955ರ ಹೊತ್ತಿಗೆ ಅಮೆರಿಕದ ನೌಕಾದಳ ಇದನ್ನು ವಿಮಾನಗಳಿಗೆ ಅಳವಡಿಸಲು ಹೊರಟಿತು. ನಮ್ಮ ರೈಲ್ವೆಯ ಡೀಸೆಲ್ ಶೆಡ್‌ಗಳಲ್ಲೂ ಲೋಕೊ ಎಣ್ಣೆಯ ಪರೀಕ್ಷೆ ಬಹುಕಾಲದಿಂದ ನಡೆದುಬಂದ ಪದ್ಧತಿ. ಹುಬ್ಬಳ್ಳಿ ಶೆಡ್‌ನ ಡಬ್ಲ್ಯುಡಿಜಿ-4, ಡಬ್ಲ್ಯುಡಿಪಿ-4 ಲೋಕೊಗಳ ಇಎಂಡಿ ಎಂಜಿನ್ ಇಲ್ಲಿ ಒಳ್ಳೆಯ ಉದಾಹರಣೆ. ಅದು ಎರಡು ಸ್ಟ್ರೋಕಿನ ಎಂಜಿನ್. ನಾಲ್ಕು ಸ್ಟ್ರೋಕಿನಲ್ಲಿ ಪಿಸ್ಟನ್ ಪಿನ್ನಿನ ಮೇಲಿನ ಒತ್ತಡ ಆಗಾಗ ದಿಕ್ಕು ಬದಲಿಸಿ ಎಣ್ಣೆ ಒಳಬರಲು ಬಿಡುವು ಕೊಡುತ್ತದೆ. ಎರಡು ಸ್ಟ್ರೋಕಿನಲ್ಲಿ ಒತ್ತಡ ಸದಾ ಕೆಳಮುಖ, ಆ ಬಿಡುವು ಇಲ್ಲ. ಇದನ್ನು ತಾಳಿಕೊಳ್ಳಲೆಂದೇ ಈ ಬಗೆಯ ಎಂಜಿನ್ನುಗಳ ಪಿಸ್ಟನ್ ಪಿನ್ ಬೇರಿಂಗಿಗೆ ಬೆಳ್ಳಿಯ ಲೇಪ ಕೊಡುವುದು ರೂಢಿ. ಮಾಮೂಲಿ ಎಂಜಿನ್ ಆಯಿಲ್‌ನಲ್ಲಿ ಸವೆತ ತಡೆಯಲು ಬೆರೆಸುವ ಸತುವಿನ ಸಂಯುಕ್ತ ಈ ಬೆಳ್ಳಿಯನ್ನು ತಿನ್ನುತ್ತದೆ. ಆದ್ದರಿಂದ ಇವಕ್ಕೆ ಸತುವಿಲ್ಲದ ಎಣ್ಣೆಯೇ ಆಗಬೇಕು. ವರದಿಯಲ್ಲಿ ಬೆಳ್ಳಿ ಒಂದೆರಡು ಪಿಪಿಎಂ ಕಂಡರೂ ಎಚ್ಚರಿಕೆ. ಜೊತೆಗೆ ಸತುವೂ ಕಂಡರೆ ಯಾರೋ ಬೇರೆ ಎಣ್ಣೆ ಸುರಿದಿದ್ದಾರೆಂದು ಅರ್ಥ. ಹೀಗೆ ಒಂದೇ ವರದಿಯಲ್ಲಿ ಗಾಯವೂ ಅದರ ಕಾರಣವೂ ಅಕ್ಕಪಕ್ಕ ಸಿಗುತ್ತವೆ.

ಎಣ್ಣೆ ಪರೀಕ್ಷೆಯ ಎರಡನೇ ದೊಡ್ಡ ಗುಣ ಇದೇ. ಸವೆತ ಆಗುತ್ತಿದೆ ಎಂಬುದರ ಜೊತೆಗೆ ಯಾಕೆ ಆಗುತ್ತಿದೆ ಎಂಬ ಸುಳಿವನ್ನೂ ಅದು ಕೊಡುತ್ತದೆ. ಸೀಸ-ತವರದ ಜೊತೆ ಸಿಲಿಕಾನ್ ಮತ್ತು ಅಲ್ಯೂಮಿನಿಯಂ ಏರಿದರೆ ಧೂಳು ಒಳಬರುತ್ತಿದೆ. ಏರ್ ಫಿಲ್ಟರಿನ ಹೋಸು, ಕ್ಲಿಪ್ಪು ನೋಡಬೇಕು. ಎಣ್ಣೆಯ ಸ್ನಿಗ್ಧತೆ ಇಳಿದು ಡೀಸೆಲಿನ ಅಂಶ ಕಂಡರೆ ಇಂಜೆಕ್ಟರ್ ಸೋರುತ್ತಿರಬಹುದು. ತೆಳುವಾದ ಎಣ್ಣೆ ಶಾಫ್ಟಿನ ಭಾರ ಹೊರಲಾರದೆ ಹೊದಿಕೆ ಉಜ್ಜಿಹೋಗುತ್ತದೆ. ಸೋಡಿಯಂ, ಪೊಟ್ಯಾಶಿಯಂ ಒಟ್ಟಿಗೆ ಏರಿದರೆ ಕೂಲಂಟ್ ಸೋರಿಕೆಯ ಅನುಮಾನ. ಕಬ್ಬಿಣ ಏರದೆ ಸೀಸವೊಂದೇ ಏರುತ್ತಿದ್ದು, ಎಣ್ಣೆಯ ಕ್ಷಾರ ಸಂಗ್ರಹ ಕುಸಿದಿದ್ದರೆ ಅದು ಉಜ್ಜಾಟದ ಸವೆತವಲ್ಲ. ಆಮ್ಲೀಯವಾದ ಎಣ್ಣೆ ಸೀಸವನ್ನು ಕೊರೆಯುತ್ತಿದೆ. ಅಪಾರ್ಟ್‌ಮೆಂಟುಗಳ ಜನರೇಟರ್‌ನಂತೆ ಅಪರೂಪಕ್ಕೆ ಓಡಿ, ಪೂರ್ತಿ ಬಿಸಿಯಾಗುವ ಮೊದಲೇ ನಿಲ್ಲುವ ಎಂಜಿನ್ನುಗಳಲ್ಲಿ ನೀರು, ಆಮ್ಲ ಎಣ್ಣೆಯಲ್ಲೇ ಉಳಿಯುವುದರಿಂದ ಈ ತೊಂದರೆಗೆ ಅವಕಾಶ ಹೆಚ್ಚು. ಈ ಕಾರಣಗಳು ಬಹುತೇಕ ಸಣ್ಣ ಖರ್ಚಿನಲ್ಲಿ ಸರಿಯಾಗುವಂಥವು. ಕಾರಣ ಸಿಕ್ಕರೆ ಬೇರಿಂಗ್ ಉಳಿಯುತ್ತದೆ; ಕಾರಣ ತಿಳಿಯದೆ ಬೇರಿಂಗ್ ಬದಲಾಯಿಸಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

ಇನ್ನು ಆಕ್ಷೇಪಗಳಿಗೆ ಬರೋಣ. ಮೊದಲನೆಯದು, ಸುಳ್ಳು ಎಚ್ಚರಿಕೆ. ಇದು ನಿಜವಾದ ಸಮಸ್ಯೆಯೇ. ಹೊಸ ಡೀಸೆಲ್ ಎಂಜಿನ್ನುಗಳ ಆಯಿಲ್ ಕೂಲರಿನಲ್ಲಿರುವ ತಾಮ್ರ ಎಣ್ಣೆಯ ರಾಸಾಯನಿಕಗಳೊಂದಿಗೆ ವರ್ತಿಸಿ ಕಳಚಿಕೊಳ್ಳುತ್ತದೆ. ವರದಿಯಲ್ಲಿ ತಾಮ್ರ ನೂರಾರು ಪಿಪಿಎಂ ಕಾಣುತ್ತದೆ, ಬೇರಿಂಗ್‌ಗಳು ಮಾತ್ರ ನೆಟ್ಟಗಿರುತ್ತವೆ. ತಾಮ್ರದ ಅಂಕಿಯೊಂದನ್ನೇ ನೋಡಿ ಎಂಜಿನ್ ಬಿಚ್ಚಿಸಿದವನಿಗೆ ಹಣವೂ ದಿನವೂ ನಷ್ಟ. ಸಂಡೂರಿನ ಅದಿರು ಗಣಿಯಲ್ಲಿ ದುಡಿಯುವ ಟಿಪ್ಪರಿನ ಎಣ್ಣೆಗೆ ನುಗ್ಗುವ ಧೂಳೇ ಕಬ್ಬಿಣದ ಆಕ್ಸೈಡ್. ಅಲ್ಲಿ ಕಬ್ಬಿಣ ಏರಿದ ಮಾತ್ರಕ್ಕೆ ಕ್ರ್ಯಾಂಕ್ ಸವೆದಿದೆ ಎನ್ನಲಾಗದು. ಮಲ್ಪೆಯ ದೋಣಿಯ ಎಣ್ಣೆಯಲ್ಲಿ ಸೋಡಿಯಂ ಕಂಡರೆ ಅದು ಕೂಲಂಟಿನದೋ ಸಮುದ್ರದ ಉಪ್ಪುನೀರಿನದೋ ವಿಚಾರಿಸಬೇಕು. ಆದರೆ ಈ ಆಕ್ಷೇಪ ಪರೀಕ್ಷೆಯನ್ನು ತಳ್ಳಿಹಾಕುವುದಿಲ್ಲ, ಅದನ್ನು ಓದುವ ಕ್ರಮವನ್ನು ತಿದ್ದುತ್ತದೆ. ತಾಮ್ರ ಒಂಟಿಯಾಗಿ ಏರಿ ಎರಡು ಮೂರು ಆಯಿಲ್ ಚೇಂಜ್‌ಗಳಲ್ಲಿ ಇಳಿಯುತ್ತಾ ಬಂದರೆ ಕೂಲರ್. ಸೀಸ, ತವರ ಮೊದಲು ಏರಿ ಹಿಂದಿನಿಂದ ತಾಮ್ರ ಬಂದರೆ ಬೇರಿಂಗ್. ಪುಸ್ತಕದಲ್ಲಿ ಮುದ್ರಿಸಿದ ಮಿತಿಗಿಂತ ಆ ಎಂಜಿನ್ನಿನದೇ ಹಿಂದಿನ ಅಂಕಿಗಳು, ಅದೇ ಜಾಗದಲ್ಲಿ ಅದೇ ಕೆಲಸ ಮಾಡುವ ಜೊತೆಯ ಎಂಜಿನ್ನುಗಳ ಅಂಕಿಗಳು ಹೆಚ್ಚು ನಂಬಿಕೆಗೆ ಅರ್ಹ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದುದು. ಬೆಳಕಿನ ಪರೀಕ್ಷೆಗೆ ಸಿಗುವುದು ಅತಿ ಸಣ್ಣ ಕಣಗಳು ಮಾತ್ರ. ಪ್ಲಾಸ್ಮಾ ವಿಧಾನ ಸುಮಾರು 5 ಮೈಕ್ರಾನಿಗಿಂತ ದೊಡ್ಡ ಕಣಗಳನ್ನು ಸರಿಯಾಗಿ ಲೆಕ್ಕ ಹಿಡಿಯದು. ಕಿಡಿ ವಿಧಾನದ ಮಿತಿ ಅದಕ್ಕಿಂತ ತುಸು ಹೆಚ್ಚು. ಲೋಹ ದಣಿದು ಬೇರಿಂಗಿನ ಮೈ ಹಕ್ಕಳೆಯಾಗಿ ಏಳತೊಡಗಿದರೆ ಆ ದೊಡ್ಡ ಚೂರುಗಳು ಫಿಲ್ಟರಿನಲ್ಲಿ ಸಿಕ್ಕಿಕೊಳ್ಳುತ್ತವೆ ಅಥವಾ ಚೇಂಬರಿನ ತಳ ಸೇರುತ್ತವೆ. ವರದಿ ಚೆನ್ನಾಗಿಯೇ ಇರುತ್ತದೆ, ಬೇರಿಂಗ್ ಕೆಡುತ್ತಲೇ ಇರುತ್ತದೆ. ಎಣ್ಣೆ ಬರುವ ರಂಧ್ರ ಕಟ್ಟಿ ನಿಮಿಷಗಳಲ್ಲಿ ಬೇರಿಂಗ್ ಸೀಜ್ ಆದರೆ ಯಾವ ವರದಿಯೂ ಮುನ್ನ ಹೇಳಲಾರದು. ಇಲ್ಲಿ ಉತ್ತರ ಇಷ್ಟೇ: ಪರೀಕ್ಷೆಯ ಜೊತೆಗೆ ಹಳೆಯ ಫಿಲ್ಟರನ್ನು ಕೊಯ್ದು, ಮಡಿಕೆಗಳನ್ನು ಬಿಡಿಸಿ ಬೆಳಕಿನಲ್ಲಿ ನೋಡಬೇಕು. ಬೂದುಬಣ್ಣದ ಅಥವಾ ತಾಮ್ರಬಣ್ಣದ ಚಕ್ಕೆ ಕಂಡು, ಅದಕ್ಕೆ ಅಯಸ್ಕಾಂತ ಅಂಟದಿದ್ದರೆ ಬೇರಿಂಗಿನದೇ ಎಂಬ ಶಂಕೆ ಬಲವಾಗುತ್ತದೆ. 1970ರ ದಶಕದಲ್ಲಿ ವೆರ್ನನ್ ವೆಸ್ಟ್‌ಕಾಟ್ ರೂಪಿಸಿದ ಫೆರೋಗ್ರಫಿ ದೊಡ್ಡ ಕಣಗಳನ್ನು ಗಾಜಿನ ಪಟ್ಟಿಯ ಮೇಲೆ ಹಿಡಿದು ಸೂಕ್ಷ್ಮದರ್ಶಕದಲ್ಲಿ ತೋರಿಸುತ್ತದೆ. ಆದರೆ ಅದು ನೆಚ್ಚಿರುವುದು ಅಯಸ್ಕಾಂತವನ್ನು, ಹಾಗಾಗಿ ಕಬ್ಬಿಣಕ್ಕೆ ಪ್ರಬಲ, ಸೀಸ-ತವರಕ್ಕೆ ದುರ್ಬಲ. ನಿಧಾನದ ಸವೆತಕ್ಕೆ ಬೆಳಕಿನ ಪರೀಕ್ಷೆ, ಹಕ್ಕಳೆ ಏಳುವ ಸವೆತಕ್ಕೆ ಫಿಲ್ಟರ್ ತಪಾಸಣೆ: ಎರಡೂ ಸೇರಿದರೆ ತಪ್ಪಿಸಿಕೊಳ್ಳುವ ದೋಷಗಳು ಬಹಳ ಕಡಿಮೆ.

ಮೂರನೆಯದು, ಬೇರಿಂಗ್‌ಗಳೇ ಬದಲಾಗುತ್ತಿವೆ ಎಂಬುದು. ಸೀಸ ವಿಷಕಾರಿ. ಹಳೆಯ ವಾಹನಗಳ ವಿಲೇವಾರಿ ಕುರಿತು ಯುರೋಪ್ ಒಕ್ಕೂಟ 2000ರಲ್ಲಿ ಹೊರಡಿಸಿದ ನಿರ್ದೇಶನದ ನಂತರ ತಯಾರಕರು ಕಾರುಗಳ ಬೇರಿಂಗಿನಿಂದ ಸೀಸವನ್ನು ಹಂತಹಂತವಾಗಿ ಕೈಬಿಟ್ಟರು. ಅಲ್ಯೂಮಿನಿಯಂ-ತವರ, ಬಿಸ್ಮತ್ ಬೆರೆತ ಲೋಹಗಳು, ಪಾಲಿಮರ್ ಹೊದಿಕೆಗಳು ಬಂದಿವೆ. ಇಂಥ ಎಂಜಿನ್ನಿನ ವರದಿಯಲ್ಲಿ ಸೀಸ ಸೊನ್ನೆ ಇದ್ದರೆ ನಿಶ್ಚಿಂತೆಯಿಂದ ಕೂರುವಂತಿಲ್ಲ. ಅಲ್ಲಿ ನೋಡಬೇಕಾದದ್ದು ತವರವನ್ನು, ಬಿಸ್ಮತ್ತನ್ನು. ಅಲ್ಯೂಮಿನಿಯಂ ಪಿಸ್ಟನ್ನಿನಿಂದಲೂ ಬರುವುದರಿಂದ ಅದೊಂದೇ ಸಾಕ್ಷಿಯಾಗದು. ಆದ್ದರಿಂದ ಪರೀಕ್ಷೆ ಶುರುಮಾಡುವ ಮೊದಲು ತಯಾರಕರಿಂದ ಬೇರಿಂಗ್ ಯಾವ ಲೋಹದ್ದೆಂದು ತಿಳಿದುಕೊಂಡು ಪ್ರಯೋಗಾಲಯಕ್ಕೂ ತಿಳಿಸಬೇಕು. ಒಮ್ಮೆ ಕೇಳಿ ಬರೆದಿಟ್ಟರೆ ಎಂಜಿನ್ ಇರುವವರೆಗೂ ಉಪಯೋಗಕ್ಕೆ ಬರುವ ಮಾಹಿತಿ ಅದು.

ಕೊನೆಯದು ಖರ್ಚಿನ ಪ್ರಶ್ನೆ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಾಯಿಸಿಕೊಂಡು ಮನೆ-ಕಚೇರಿ ನಡುವೆ ಓಡುವ ಸ್ವಂತ ಕಾರಿಗೆ ಈ ಪರೀಕ್ಷೆ ಅಗತ್ಯವಿಲ್ಲ. ಹಾಗೆ ನೇರವಾಗಿ ಹೇಳುವುದೇ ಪ್ರಾಮಾಣಿಕತೆ. ಆದರೆ ಸಾಲ ಮಾಡಿ ಕೊಂಡ ಅಗೆಯುವ ಯಂತ್ರಕ್ಕೆ, ಸುಗ್ಗಿಯ ಕೆಲವೇ ವಾರಗಳಲ್ಲಿ ವರ್ಷದ ದುಡಿಮೆ ಕಾಣಬೇಕಾದ ಭತ್ತದ ಕಟಾವು ಯಂತ್ರಕ್ಕೆ, ದಡದಿಂದ ದೂರ ಹೋಗುವ ದೋಣಿಗೆ, ಆಸ್ಪತ್ರೆಯ ಜನರೇಟರಿಗೆ ಲೆಕ್ಕ ಬೇರೆ. ಹೊದಿಕೆ ಸವೆಯುವ ಹಂತದಲ್ಲೇ ತಿಳಿದರೆ ಎಷ್ಟೋ ಎಂಜಿನ್ನುಗಳಲ್ಲಿ ಚೇಂಬರ್ ಇಳಿಸಿ ಕೆಳಗಿನಿಂದಲೇ ಹೊಸ ಚಿಪ್ಪು ಹಾಕಬಹುದು. ತಡವಾದರೆ ಎಂಜಿನ್ ಇಳಿಸಬೇಕು, ಕ್ರ್ಯಾಂಕ್ ಗ್ರೈಂಡಿಂಗ್ ಮಾಡಿಸಿ ಅಂಡರ್‌ಸೈಜ್ ಬೇರಿಂಗ್ ಹಾಕಬೇಕು. ಇನ್ನೂ ತಡವಾಗಿ ಕನೆಕ್ಟಿಂಗ್ ರಾಡ್ ತುಂಡಾಗಿ ಬ್ಲಾಕ್ ಒಡೆದು ಹೊರಬಂದರೆ ಎಂಜಿನ್ ಗುಜರಿಗೆ. ಈ ಮೂರು ಹಂತಗಳ ಖರ್ಚು ಎಷ್ಟೆಂದು ಮಾಲೀಕರಿಗೆ ಗೊತ್ತು. ಕೆಲಸ ನಿಂತ ದಿನಗಳ ನಷ್ಟವನ್ನೂ ಸೇರಿಸಿಕೊಂಡರೆ ವರ್ಷಕ್ಕೆ ಕೆಲವು ಬಾಟಲಿ ಎಣ್ಣೆಯ ಪರೀಕ್ಷೆ ಭಾರವೆನಿಸುವುದಿಲ್ಲ. ಖಾಸಗಿ ಪ್ರಯೋಗಾಲಯಗಳ ಜೊತೆಗೆ ಎಣ್ಣೆ ಕಂಪನಿಗಳು, ಯಂತ್ರ ತಯಾರಕರು ಕೂಡ ಈ ಸೇವೆ ಒದಗಿಸುತ್ತಾರೆ.

ನಿಜವಾದ ಕೊರತೆ ಶಿಸ್ತಿನದು. ಎಣ್ಣೆಯ ಮಾದರಿಯನ್ನು ಎಂಜಿನ್ ಬಿಸಿಯಿದ್ದಾಗ, ನಿಲ್ಲಿಸಿದ ಕೆಲವೇ ನಿಮಿಷಗಳೊಳಗೆ ತೆಗೆಯಬೇಕು. ತಣ್ಣಗಾದರೆ ಕಣಗಳು ತಳಕ್ಕಿಳಿಯುತ್ತವೆ. ಡಿಪ್‌ಸ್ಟಿಕ್ ಕೊಳವೆಯಿಂದ ಹೊಸ ನಳಿಗೆ ಇಳಿಬಿಟ್ಟು ಕೈಪಂಪಿನಿಂದ ಎಣ್ಣೆಯ ನಡುಮಟ್ಟದಿಂದ ಎಳೆಯುವುದು ಒಳ್ಳೆಯದು. ಬೋಲ್ಟ್ ಬಿಚ್ಚಿ ಹಿಡಿಯುವುದಾದರೆ ಮೊದಲು ಬೀಳುವ ಕೆಸರನ್ನು ಬಿಟ್ಟು ನಡುವಿನ ಧಾರೆ ಹಿಡಿಯಬೇಕು. ಪ್ರತಿ ಸಲವೂ ಒಂದೇ ರೀತಿ, ಒಂದೇ ಜಾಗದಿಂದ, ಶುಭ್ರವಾದ ಬಾಟಲಿಗೆ. ಬಾಟಲಿಯ ಮೇಲೆ ದಿನಾಂಕ, ಎಂಜಿನ್ ಓಡಿದ ಒಟ್ಟು ಗಂಟೆ, ಈ ಎಣ್ಣೆ ಓಡಿದ ಗಂಟೆ, ಎಣ್ಣೆಯ ಹೆಸರು ಮತ್ತು ಗ್ರೇಡ್, ನಡುವೆ ಎಷ್ಟು ಲೀಟರ್ ತುಂಬಿದ್ದು ಎಂಬುದನ್ನು ಬರೆಯಲೇಬೇಕು. 500 ಗಂಟೆ ಓಡಿದ ಎಣ್ಣೆಯಲ್ಲಿ 20 ಪಿಪಿಎಂ ಸೀಸ, 250 ಗಂಟೆ ಓಡಿದ ಎಣ್ಣೆಯಲ್ಲಿ 20 ಪಿಪಿಎಂ ಸೀಸ ಎರಡೂ ಒಂದೇ ಅಲ್ಲ. ಎರಡನೆಯದರಲ್ಲಿ ಸವೆತದ ವೇಗ ಇಮ್ಮಡಿ. ಹೊಸ ಎಣ್ಣೆ ತುಂಬಿದರೆ ಅಂಕಿ ತೆಳುವಾಗುತ್ತದೆ, ಆ ವಿಷಯ ಬರೆಯದಿದ್ದರೆ ಕೆಡುತ್ತಿರುವ ಎಂಜಿನ್ ಸುಧಾರಿಸಿದಂತೆ ಕಾಣುತ್ತದೆ. ಅಂಕಿ ಏರಿದ ಕೂಡಲೇ ಗಾಬರಿಬಿದ್ದು ಎಂಜಿನ್ ಬಿಚ್ಚುವುದೂ ಬೇಡ. ಮತ್ತೊಂದು ಮಾದರಿ ಬೇಗನೆ ಕಳಿಸಿ ಖಚಿತಪಡಿಸಿಕೊಳ್ಳಿ, ಫಿಲ್ಟರ್ ಕೊಯ್ದು ನೋಡಿ, ಧೂಳು-ಡೀಸೆಲ್-ಕೂಲಂಟ್ ಕಾರಣ ಹುಡುಕಿ. ಮೂರೂ ಒಂದೇ ಕಡೆ ಬೊಟ್ಟು ಮಾಡಿದರೆ ಒಂದು ಬೇರಿಂಗ್ ಕ್ಯಾಪ್ ಬಿಚ್ಚಿ ಕಣ್ಣಾರೆ ನೋಡಿ.

ಹೊಸದಾಗಿ ಶುರುಮಾಡುವವರು ಮೊದಲ ವರದಿಯಿಂದ ಪವಾಡ ನಿರೀಕ್ಷಿಸಬಾರದು. ಅದರ ಕೆಲಸ ಆ ಎಂಜಿನ್ನಿನ ಸಹಜ ಮಟ್ಟ ಎಷ್ಟೆಂದು ಗುರುತಿಸುವುದು. ಮೂರನೆಯ, ನಾಲ್ಕನೆಯ ವರದಿಯ ಹೊತ್ತಿಗೆ ಯಾವ ಏರಿಕೆ ಮಾಮೂಲಿ, ಯಾವುದು ಅಲ್ಲ ಎಂಬುದು ತಾನಾಗಿ ತಿಳಿಯತೊಡಗುತ್ತದೆ. ಆದ್ದರಿಂದ ಎಂಜಿನ್ ಚೆನ್ನಾಗಿರುವಾಗಲೇ ಶುರುಮಾಡಿ. ಮುಂದಿನ ಆಯಿಲ್ ಚೇಂಜ್ ದಿನ ಚೇಂಬರಿನ ಬೋಲ್ಟ್ ಬಿಚ್ಚುವ ಮೊದಲು ಒಂದು ಶುಭ್ರ ಬಾಟಲಿ ತುಂಬಿಸಿ, ಅದರ ಮೇಲೆ ಗಂಟೆಗಳ ಲೆಕ್ಕ ಬರೆದು ಕಳಿಸಿ. ಬಂದ ವರದಿಯನ್ನು ಆ ಎಂಜಿನ್ನಿನ ಹೆಸರಿನದೇ ಒಂದು ಕಡತದಲ್ಲಿಡಿ. ಮುಂದಿನ ವರದಿ ಬಂದಾಗ ಮೊದಲು ತೆರೆಯಬೇಕಾದದ್ದು ಅದನ್ನೇ.